ಕಾಯುವ ನಕ್ಷತ್ರ, ಕಾಯದ ನಕ್ಷತ್ರ: ಒಬ್ಬ ಖಗೋಳ ಸಂಶೋಧಕಿಯ ಮೊದಲ ವರ್ಷಗಳು

ಇದು ಬೆಂಗಳೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಡೆದ ಸಂಗತಿ. ಪಿಎಚ್‌ಡಿ ಮುಗಿಸಿ, ಹೊರದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡಿ ಬಂದ ಖಗೋಳ ಸಂಶೋಧಕಿಯೊಬ್ಬರು ಇಲ್ಲಿ ಪಾಠಕ್ಕೆ ಸೇರಿಕೊಂಡರು. ಪಾಠದ ಜೊತೆಗೆ ಸಂಶೋಧನೆ ಉಳಿಸಿಕೊಳ್ಳಲು ಅವರು ಏನೇನು ಮಾಡಿದರು, ಯಾವುದು ನಡೆಯಿತು, ಯಾವುದು ಕೈಕೊಟ್ಟಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಾನು ಅದೇ ಭೌತವಿಜ್ಞಾನ ವಿಭಾಗದಲ್ಲಿ ಅವರಿಗಿಂತ ಹಿರಿಯ. ಅವರ ಒಪ್ಪಿಗೆ ಪಡೆದೇ ಬರೆದಿದ್ದು. ಕಾಲೇಜು, ಅವರ ಊರು, ಪಿಎಚ್‌ಡಿ ಮಾಡಿದ ಸಂಸ್ಥೆ, ಜೊತೆಗಾರರು ಯಾರು ಅನ್ನುವುದನ್ನು ಬಿಟ್ಟಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೂ ಇದೆ. ವಿದ್ಯಾರ್ಥಿಗಳು ಕರೆಯುವ ಹಾಗೆ ಇಲ್ಲಿ ಅವರು ಬರೀ ‘ಮೇಡಂ’.

ಬೆಂಗಳೂರಿನಲ್ಲಿ ಖಗೋಳವಿಜ್ಞಾನ ಓದಿದವರಿಗೆ ಬರವಿಲ್ಲ. ಕೋರಮಂಗಲದಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಇದೆ, ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ, ಐಐಎಸ್‌ಸಿ ಇದೆ, ಇಸ್ರೋ ಇದೆ. ಆದರೆ ಇವುಗಳಲ್ಲಿ ಕಾಯಂ ಹುದ್ದೆ ತುಂಬಾ ಕಡಿಮೆ. ಪಿಎಚ್‌ಡಿ ಮುಗಿಸಿದವರಲ್ಲಿ ಎಷ್ಟೋ ಜನ ಡೇಟಾ ಸೈನ್ಸ್ ಕಡೆ ಹೋಗುತ್ತಾರೆ. ಕೆಲವರು ಕಾಲೇಜಿಗೆ ಬರುತ್ತಾರೆ. ಹಾಗೆ ಬಂದವರ ಸಂಶೋಧನೆ ಆಮೇಲೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ‘ಪಾಠಕ್ಕೆ ಹೋದರು’ ಅನ್ನುವ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಹಿನ್ನೆಲೆ

ಮೇಡಂ ಮಲೆನಾಡಿನ ಕಡೆಯ ಒಂದು ತಾಲ್ಲೂಕು ಊರಿನವರು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬಿಎಸ್ಸಿಗೆ ಬೆಂಗಳೂರಿಗೆ ಬಂದರು. ಪದವಿ ವಿದ್ಯಾರ್ಥಿಗಳಿಗಾಗಿ ನೆಹರೂ ತಾರಾಲಯದಲ್ಲಿ ವಾರಾಂತ್ಯದ ತರಗತಿಗಳು ನಡೆಯುತ್ತವೆ. ಅಲ್ಲಿ ಕೂತು ಕೇಳಿದ್ದರಿಂದಲೇ ಸಂಶೋಧನೆ ಅಂದರೆ ಏನು ಅಂತ ಮೊದಲು ಗೊತ್ತಾಯಿತು ಅನ್ನುತ್ತಾರೆ. ಎಂಎಸ್ಸಿ ಆಯಿತು, ಪಿಎಚ್‌ಡಿ ಪ್ರವೇಶದ ಜೆಸ್ಟ್ ಪರೀಕ್ಷೆ ಆಯಿತು, ನಗರದ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತು. ವಿಷಯ ಸೂಪರ್‌ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರಗಳು.

ಸೂಪರ್‌ನೋವಾ ಕೆಲಸದ ರೀತಿಯೇ ಬೇರೆ. ಅದನ್ನು ಸ್ವಲ್ಪ ವಿವರಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ದೂರದ ಯಾವುದೋ ಗ್ಯಾಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದ ಸುದ್ದಿ ಬಂತು ಅನ್ನಿ. ಆವತ್ತೇ ರಾತ್ರಿ, ತಪ್ಪಿದರೆ ಮರುದಿನ, ಅದರ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆಯಬೇಕು. ಮೊದಲ ಕೆಲವು ದಿನಗಳ ಬೆಳಕಿನಲ್ಲಿ ಇರುವ ಮಾಹಿತಿ ಆಮೇಲೆ ಸಿಗುವುದಿಲ್ಲ. ಸಿಡಿಯುವ ಮೊದಲು ಆ ನಕ್ಷತ್ರ ಸುತ್ತಲೂ ಎಷ್ಟು ಅನಿಲ ಚೆಲ್ಲಿತ್ತು ಅಂತ ಹೇಳುವ ಸಣ್ಣ ಗೆರೆಗಳು ಒಂದು ವಾರದೊಳಗೆ ಮಾಯವಾಗಬಹುದು. ಪಿಎಚ್‌ಡಿ ವಿದ್ಯಾರ್ಥಿನಿಗೆ ಇದು ಹಬ್ಬ. ಊಟ ನಿದ್ದೆ ಬಿಟ್ಟು ಹೊಸಕೋಟೆಯಲ್ಲಿ ರಾತ್ರಿ ಕಳೆಯಬಹುದು, ಬೆಳಗ್ಗೆ ಮಲಗಬಹುದು. ಮೇಡಂ ಹಾಗೇ ಮಾಡಿದರು, ಒಳ್ಳೆಯ ಪ್ರಬಂಧಗಳೂ ಬಂದವು.

ಆಮೇಲೆ ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್. ಅದರಲ್ಲಿ ಅರ್ಧಕ್ಕರ್ಧ ಕೋವಿಡ್ ಲಾಕ್‌ಡೌನಿನಲ್ಲೇ ಕಳೆಯಿತು. ಈ ಕ್ಷೇತ್ರದಲ್ಲಿ ಪೋಸ್ಟ್‌ಡಾಕ್ ಅರ್ಜಿಗಳ ಭರಾಟೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಸಿಕ್ಕ ಅವಕಾಶಕ್ಕೆ ಫೆಬ್ರುವರಿ 15ರೊಳಗೆ ಹೂಂ ಅಥವಾ ಊಹೂಂ ಅನ್ನುವುದು ಸಾಮಾನ್ಯ ರೂಢಿ. ಅವರಿಗೆ ಇನ್ನೊಂದು ದೇಶದಲ್ಲಿ ಒಂದು ವರ್ಷದ ಕೆಲಸ ಬಂತು. ಅಪ್ಪನಿಗೆ ಫೋನ್ ಮಾಡಿದರು.

‘ಒಂದು ವರ್ಷ ಆದ್ಮೇಲೆ ಏನಮ್ಮಾ?’

‘ಇನ್ನೊಂದು ಕಡೆ ಹುಡುಕ್ಬೇಕು ಅಪ್ಪಾ.’

‘ಅದಾದ್ಮೇಲೆ?’

ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಗಂಡನ ಕೆಲಸ ಬೆಂಗಳೂರಿನಲ್ಲಿ, ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಇದ್ದದ್ದು ಕಡಿಮೆ. ಅವಕಾಶ ಬೇಡ ಅಂತ ಬರೆದು ವಾಪಸ್ ಬಂದರು. 2021ರಲ್ಲಿ ನಮ್ಮ ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿದರು. ಹಳೆಯ ಜೊತೆಗಾರರು ಇದನ್ನು ಸೋಲು ಅಂತಲೇ ನೋಡಿದರು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಸಮಸ್ಯೆ ಎಲ್ಲಿತ್ತು

ಯುಜಿಸಿಯ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಕೇಳಿದರೆ ಕಡಿಮೆ ಅನ್ನಿಸುತ್ತದೆ. ಅದಕ್ಕೆ ಪಾಠದ ತಯಾರಿ, ಲ್ಯಾಬ್ ರೆಕಾರ್ಡ್ ತಿದ್ದುವುದು, ಇಂಟರ್ನಲ್ಸ್, ಪರೀಕ್ಷಾ ಮೇಲ್ವಿಚಾರಣೆ, ಮೌಲ್ಯಮಾಪನ, ಅಡ್ಮಿಷನ್ ಡ್ಯೂಟಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ಕಡತ ಎಲ್ಲ ಸೇರಿಸಿ ನೋಡಿ. ಸಾಲದ್ದಕ್ಕೆ ಅದೇ ವರ್ಷ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಶುರುವಾಗಿತ್ತು. ಪಠ್ಯಕ್ರಮ ಹೊಸದು, ನೋಟ್ಸ್ ಹೊಸದು, ಎಲ್ಲರಿಗೂ ಗೊಂದಲ.

ಆದರೆ ಗಂಟೆಗಳ ಲೆಕ್ಕ ಹಾಕಿದರೆ ಸಮಸ್ಯೆ ಪೂರ್ತಿ ಕಾಣುವುದಿಲ್ಲ. ಸಮಯ ಕಡಿಮೆ ಇತ್ತು ನಿಜ. ಅದಕ್ಕಿಂತ ಜಾಸ್ತಿ ಕಾಡಿದ್ದು ಸಮಯ ಚೂರುಚೂರಾಗಿ ಸಿಗುತ್ತಿದ್ದದ್ದು. ಹತ್ತೂವರೆಯ ಕ್ಲಾಸು ಮುಗಿದರೆ ಹನ್ನೆರಡೂವರೆಯದಕ್ಕೆ ಒಂದು ಗಂಟೆ ಬಿಡುವು. ಆ ಒಂದು ಗಂಟೆಯಲ್ಲಿ ರೋಹಿತದ ಕಡತ ತೆಗೆದು, ಹಿಂದಿನ ಸಲ ಎಲ್ಲಿ ಬಿಟ್ಟಿದ್ದೆ ಅಂತ ನೆನಪಿಸಿಕೊಳ್ಳುವಷ್ಟರಲ್ಲಿ ಯಾರೋ ವಿದ್ಯಾರ್ಥಿ ಅಟೆಂಡೆನ್ಸ್ ಕೊರತೆಗೆ ಪತ್ರ ಹಿಡಿದು ಬಂದಿರುತ್ತಾನೆ. ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳಲ್ಲಂತೂ ಸಂಶೋಧನೆಯ ಮಾತೇ ಇಲ್ಲ.

ಸೂಪರ್‌ನೋವಾ ಯಾರ ಟೈಮ್‌ಟೇಬಲನ್ನೂ ನೋಡಿ ಸಿಡಿಯುವುದಿಲ್ಲ. ಈ ಎರಡೂ ಒಟ್ಟಿಗೆ ನಡೆಯಬಹುದು ಅಂತ ಮೇಡಂ ನಂಬಿದ್ದರು. ಆ ನಂಬಿಕೆಯಲ್ಲೇ ಹತ್ತಿರ ಹತ್ತಿರ ಎರಡು ವರ್ಷ ಹೋಯಿತು.

ಮೊದಲು ಮಾಡಿ ನೋಡಿದ್ದು

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ರಾತ್ರಿ. ಯುರೋಪಿನ ಹಳೆಯ ತಂಡದ ಜೊತೆ ರಾತ್ರಿ ಒಂಬತ್ತೂವರೆಗೆ ಜೂಮ್ ಮೀಟಿಂಗ್, ಆಮೇಲೆ ಒಂದು ಗಂಟೆವರೆಗೆ ಡೇಟಾ. ಬೆಳಗ್ಗೆ ಎಂಟೂವರೆಗೆ ಕಾಲೇಜು. ಮೊದಲ ಸೆಮಿಸ್ಟರ್ ಹೇಗೋ ನಡೆಯಿತು. ಎರಡನೆಯದರಲ್ಲಿ ತಂಡದ ಮೇಲ್‌ಗಳಿಗೆ ಉತ್ತರ ಬರೆಯುವುದು ಮೂರು ದಿನ ತಡವಾಯಿತು, ಮೂರನೆಯದರಲ್ಲಿ ಎರಡು ವಾರ. ಅಲ್ಲಿಯವರೇನೂ ಜಗಳ ಆಡಲಿಲ್ಲ. ಒಂದೊಂದೇ ಕೆಲಸ ಸದ್ದಿಲ್ಲದೆ ಬೇರೆಯವರ ಕೈಗೆ ಹೋಯಿತು. ದೊಡ್ಡ ತಂಡಗಳಲ್ಲಿ ಹೀಗೇ ಆಗುವುದು. ತೆಗೆದುಹಾಕುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತಾರೆ.

ಎರಡನೆಯದು ಕಾಲೇಜಿನ ತಾರಸಿ. ಹಿಂದೆ ನ್ಯಾಕ್ ತಂಡ ಬರುವ ಮುಂಚೆ ಅವಸರದಲ್ಲಿ ಕೊಂಡ ಎಂಟಿಂಚಿನ ದೂರದರ್ಶಕ ಒಂದು ನಮ್ಮ ಲ್ಯಾಬಿನ ಬೀರುವಿನ ಪಕ್ಕ ಬಟ್ಟೆ ಹೊದ್ದುಕೊಂಡು ನಿಂತಿತ್ತು. ಮೇಡಂ ಅದನ್ನು ತಾರಸಿಗೆ ಹತ್ತಿಸಿದರು. ವಿದ್ಯಾರ್ಥಿಗಳಿಗೆ ಗ್ಯಾಲಕ್ಸಿ, ನೀಹಾರಿಕೆ ತೋರಿಸೋಣ, ಸಾಧ್ಯವಾದರೆ ಹೊಳಪಿನ ಸೂಪರ್‌ನೋವಾಗಳ ಫೋಟೋ ತೆಗೆಯೋಣ ಅನ್ನುವ ಆಸೆ. ಒಂದು ಕಡೆ ಮೆಟ್ರೋ ಕಾಮಗಾರಿಯ ದೀಪ, ಇನ್ನೊಂದು ಕಡೆ ಅಪಾರ್ಟ್‌ಮೆಂಟಿನ ಎಲ್‌ಇಡಿ, ಮೇಲೆ ಕಿತ್ತಳೆ ಬಣ್ಣದ ಮಬ್ಬು. ಗ್ಯಾಲಕ್ಸಿ ಇರಲಿ, ಬರಿಗಣ್ಣಿಗೆ ಕೃತ್ತಿಕೆಯ ಆರು ನಕ್ಷತ್ರ ಎಣಿಸುವುದೇ ಕಷ್ಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಬೇರೆ. ಮಕ್ಕಳು ಚಂದ್ರ ನೋಡಿ, ಶನಿಯ ಬಳೆ ನೋಡಿ ಖುಷಿಪಟ್ಟರು. ಸಂಶೋಧನೆಗೆ ಅಲ್ಲಿ ಏನೂ ಹುಟ್ಟಲಿಲ್ಲ.

ಮೂರನೆಯದು ಅರ್ಜಿಗಳು. ಫೆಲೋಶಿಪ್, ಅನುದಾನ, ದೂರದರ್ಶಕದ ಸಮಯ. ಎಲ್ಲಕ್ಕೂ ಹಳೆಯ ವಿಷಯವನ್ನೇ ಬರೆದರು. ಆಗಲಿಲ್ಲ. ವಿಮರ್ಶಕರೊಬ್ಬರ ಟಿಪ್ಪಣಿ ಮಾತ್ರ ಇಲ್ಲಿ ಹೇಳಬೇಕು. ಅದರ ಸಾರ ಇಷ್ಟೇ: ಪ್ರಶ್ನೆ ಒಳ್ಳೆಯದು, ಆದರೆ ಅರ್ಜಿದಾರರು ಈಗ ಇರುವ ಜಾಗದಿಂದ ಈ ಕೆಲಸ ಹೇಗೆ ಮಾಡುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ. ಮೇಡಂಗೆ ಸಿಟ್ಟು ಬಂತು. ಕಾಲೇಜಿನವರು ಅಂತ ತಾತ್ಸಾರ ಅಂದುಕೊಂಡರು. ನನಗೂ ಆಗ ಹಾಗೇ ಅನ್ನಿಸಿತ್ತು.

2023ರ ಮೇ

2023ರ ಮೇ 19, ಶುಕ್ರವಾರ. ಸಪ್ತರ್ಷಿ ಮಂಡಲದ ಕಡೆ ಕಾಣುವ ಎಂ101 ಗ್ಯಾಲಕ್ಸಿಯಲ್ಲಿ ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಒಂದು ಹೊಸ ಚುಕ್ಕೆ ಗುರುತಿಸಿದರು. ಅದೇ ಎಸ್‌ಎನ್ 2023ಐಎಕ್ಸ್‌ಎಫ್. ದೂರ ಎರಡು ಕೋಟಿ ಬೆಳಕಿನ ವರ್ಷಕ್ಕೆ ಸ್ವಲ್ಪ ಜಾಸ್ತಿ. ಸೂಪರ್‌ನೋವಾಗಳ ಲೆಕ್ಕದಲ್ಲಿ ಇದು ಪಕ್ಕದ ಬೀದಿ. ಇಷ್ಟು ಹತ್ತಿರದಲ್ಲಿ ಇಂಥ ಸ್ಫೋಟ, ಅದೂ ಶುರುವಿನಲ್ಲೇ ಕಣ್ಣಿಗೆ ಬೀಳುವುದು ಹತ್ತು ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಹಾನ್ಲೆಯದೂ ತಿರುಗಿತು.

ಮೇಡಂ ಪಿಎಚ್‌ಡಿಯಲ್ಲಿ ಕಲಿತದ್ದೆಲ್ಲ ಇಂಥ ದಿನಕ್ಕಾಗಿ. ಆ ವಾರ ಅವರು ಇದ್ದದ್ದು ಮೌಲ್ಯಮಾಪನದ ಕೊಠಡಿಯಲ್ಲಿ. ಬೆಳಗ್ಗೆ ಒಂದು ಕಟ್ಟು, ಮಧ್ಯಾಹ್ನ ಒಂದು ಕಟ್ಟು ಉತ್ತರ ಪತ್ರಿಕೆ. ಒಳಗೆ ಮೊಬೈಲ್ ತರುವಂತಿಲ್ಲ. ಸಂಜೆ ಫೋನ್ ಕೈಗೆ ಬಂದಾಗ ತಂಡದ ಗುಂಪಿನಲ್ಲಿ ನೂರಾರು ಸಂದೇಶ. ಯಾರು ಯಾವ ರಾತ್ರಿ ನೋಡುವುದು, ಯಾರು ಬರೆಯುವುದು ಎಲ್ಲ ಹಂಚಿಕೆಯಾಗಿತ್ತು. ಮೌಲ್ಯಮಾಪನ ಮುಗಿಯುವ ಹೊತ್ತಿಗೆ ಆ ಮೊದಲ ಸಣ್ಣ ಗೆರೆಗಳು ಮಾಯವಾಗಿದ್ದವು. ಅವುಗಳ ಬಗ್ಗೆ ಬೇರೆ ಬೇರೆ ತಂಡಗಳ ಪ್ರಬಂಧಗಳು ಆರ್ಕೈವ್ ಎಂಬ ಮುಕ್ತ ಜಾಲತಾಣದಲ್ಲಿ ಸಾಲಾಗಿ ಬರತೊಡಗಿದವು.

ಆ ವಾರ ಅವರು ಸ್ಟಾಫ್ ರೂಮಿನಲ್ಲಿ ಹೇಳಿದ್ದು ನನಗೆ ನೆನಪಿದೆ: ‘ಸರ್, ನಾನು ತಡ ಮಾಡ್ಲಿಲ್ಲ. ಈ ಕೆಲಸದಲ್ಲಿದ್ದು ಆ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗೋಕೆ ದಾರಿನೇ ಇಲ್ಲ.’

ವಿಮರ್ಶಕರ ಟಿಪ್ಪಣಿಯಲ್ಲಿ ಇದ್ದದ್ದೂ ಇದೇ ಮಾತು. ಆಗ ತಾತ್ಸಾರ ಅಂತ ಕಂಡಿದ್ದು ಈಗ ಬರೀ ವಾಸ್ತವವಾಗಿ ಕಂಡಿತು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲಿದೆ.

ಪ್ರಶ್ನೆಯನ್ನೇ ಬದಲಿಸಿದ್ದು

ಸಾಮಾನ್ಯವಾಗಿ ಇಂಥ ಜಾಗದಲ್ಲಿ ಎರಡು ದಾರಿ ಕಾಣುತ್ತವೆ. ಒಂದು, ಕಾಲೇಜು ಬಿಟ್ಟು ಮತ್ತೆ ಪೋಸ್ಟ್‌ಡಾಕ್ ಹುಡುಕುವುದು. ಎರಡು, ಸಂಶೋಧನೆ ಬಿಟ್ಟು ಒಳ್ಳೆಯ ಮೇಷ್ಟರಾಗುವುದು. ಎರಡನೆಯದರಲ್ಲಿ ಏನೂ ತಪ್ಪಿಲ್ಲ. ನಾನೇ ಆ ದಾರಿ ಹಿಡಿದವನು, ಚೆನ್ನಾಗಿಯೇ ಇದ್ದೇನೆ. ಮೇಡಂ ಎರಡನ್ನೂ ಬಿಟ್ಟರು. ಆ ಬೇಸಿಗೆ ರಜೆಯಲ್ಲಿ ಕೂತು, ತಮ್ಮ ಇಡೀ ಶೈಕ್ಷಣಿಕ ವರ್ಷವನ್ನು ಒಂದು ಹಾಳೆಯ ಮೇಲೆ ವಾರ ವಾರವಾಗಿ ಬರೆದರು. ಎಲ್ಲಿ ಪರೀಕ್ಷೆ, ಎಲ್ಲಿ ಮೌಲ್ಯಮಾಪನ, ಎಲ್ಲಿ ಅಡ್ಮಿಷನ್, ಎಲ್ಲಿ ನಿಜವಾದ ಬಿಡುವು, ಎಲ್ಲಿ ಮೋಡ. ಆಮೇಲೆ ಗೊತ್ತಿದ್ದ ಸಂಶೋಧನಾ ಪ್ರಶ್ನೆಗಳನ್ನು ಒಂದೊಂದಾಗಿ ಅದರ ಪಕ್ಕದಲ್ಲಿಟ್ಟು ನೋಡಿದರು. ಆರು ವಾರ ಮುಟ್ಟದೆ ಬಿಟ್ಟರೂ ಈ ಪ್ರಶ್ನೆ ಹಾಳಾಗದೆ ಉಳಿಯುತ್ತದಾ? ಡೇಟಾ ಎಲ್ಲರಿಗೂ ಸಿಗುವಂಥದ್ದಾ, ಇಲ್ಲ ಯಾರನ್ನಾದರೂ ಕೇಳಬೇಕಾ? ಬಿಎಸ್ಸಿ ಹುಡುಗನೊಬ್ಬ ಇದರಲ್ಲಿ ನಿಜವಾದ ಒಂದು ತುಂಡು ಕೆಲಸ ಮಾಡಬಲ್ಲನಾ?

ಸೂಪರ್‌ನೋವಾ ಮೊದಲ ಪ್ರಶ್ನೆಯಲ್ಲೇ ಬಿತ್ತು. ಉಳಿದದ್ದು ಬಿ-ಇ ನಕ್ಷತ್ರಗಳು.

ಇವು ಬಿ ವರ್ಗದ ಬಿಸಿ ನಕ್ಷತ್ರಗಳು. ಎಷ್ಟು ಜೋರಾಗಿ ಸುತ್ತುತ್ತವೆ ಅಂದರೆ ಸೊಂಟದ ಭಾಗದಿಂದ ಆಗಾಗ ಅನಿಲ ಎಸೆದು ಸುತ್ತ ಒಂದು ತಟ್ಟೆ ಕಟ್ಟಿಕೊಳ್ಳುತ್ತವೆ. ಆ ತಟ್ಟೆಯಿಂದಾಗಿ ರೋಹಿತದಲ್ಲಿ ಜಲಜನಕದ ಗೆರೆ ಕಪ್ಪಗೆ ಕಾಣುವ ಬದಲು ಹೊಳೆಯುತ್ತದೆ. 1866ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಗಾಮಾ ಕ್ಯಾಸಿಯೋಪಿಯಾ ಎಂಬ ನಕ್ಷತ್ರದಲ್ಲಿ ಮೊದಲು ಕಂಡದ್ದು ಇದನ್ನೇ. ತಟ್ಟೆ ತಿಂಗಳುಗಟ್ಟಲೆ ಬೆಳೆಯುತ್ತದೆ, ಕೆಲವು ಸಲ ವರ್ಷಗಟ್ಟಲೆ ಕರಗುತ್ತದೆ, ಮತ್ತೆ ಹುಟ್ಟುತ್ತದೆ. ಯಾಕೆ ಎಸೆಯುತ್ತದೆ, ಯಾವಾಗ ಎಸೆಯುತ್ತದೆ ಅನ್ನುವುದಕ್ಕೆ ಇನ್ನೂ ಪೂರ್ತಿ ಉತ್ತರ ಇಲ್ಲ. ಬರೀ ವೇಗ ಸಾಲದು, ನಕ್ಷತ್ರದ ಮಿಡಿತಕ್ಕೂ ಇದಕ್ಕೂ ನಂಟಿದೆ ಅಂತ ತುಂಬಾ ಜನ ಯೋಚಿಸುತ್ತಾರೆ.

ಮೇಡಂಗೆ ಇಲ್ಲಿ ಅನುಕೂಲವಾದದ್ದು ಡೇಟಾ. 2018ರಲ್ಲಿ ಹಾರಿದ ಟೆಸ್ ಉಪಗ್ರಹ ಆಕಾಶದ ಒಂದೊಂದು ಭಾಗವನ್ನು ಸುಮಾರು 27 ದಿನ ಒಂದೇ ಸಮನೆ ನೋಡುತ್ತದೆ. ಅದರ ಕೆಲಸ ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವುದು. ಆದರೆ ಆ ಅಳತೆಗಳಲ್ಲಿ ನಕ್ಷತ್ರಗಳ ಮಿಡಿತವೂ ಸಿಗುತ್ತದೆ, ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಇನ್ನೊಂದು ಕಡೆ ಪ್ಯಾರಿಸ್ ವೀಕ್ಷಣಾಲಯದ ಬೆಸ್ ಎಂಬ ಸಂಗ್ರಹದಲ್ಲಿ ಬಿ-ಇ ನಕ್ಷತ್ರಗಳ ರೋಹಿತಗಳು ರಾಶಿ ಇವೆ. ಅದರಲ್ಲಿ ತುಂಬಾ ಪಾಲು ಹವ್ಯಾಸಿಗಳು ತಮ್ಮ ಮನೆಯ ಹಿತ್ತಿಲಿಂದ ತೆಗೆದದ್ದು. ಎರಡನ್ನೂ ಜೊತೆಗಿಟ್ಟರೆ, ಮಿಡಿತ ಬದಲಾದಾಗ ತಟ್ಟೆಗೆ ಏನಾಯಿತು ಅಂತ ನೋಡಬಹುದು. ಈ ಡೇಟಾ ಎಲ್ಲಿಗೂ ಓಡಿ ಹೋಗುವುದಿಲ್ಲ. ಮೌಲ್ಯಮಾಪನ ಮುಗಿಸಿ ಬಂದರೂ ಅಲ್ಲೇ ಇರುತ್ತದೆ.

ಬಿ-ಇ ನಕ್ಷತ್ರದ ಕಥೆಗಳಲ್ಲಿ ವಿದ್ಯಾರ್ಥಿಗಳಿಗೆ ತುಂಬಾ ಇಷ್ಟವಾಗುವುದು ಡೆಲ್ಟಾ ಸ್ಕಾರ್ಪಿ, ನಮ್ಮ ಅನುರಾಧಾ ನಕ್ಷತ್ರ. ಬಹಳ ಕಾಲ ಅದನ್ನು ಸಾಧಾರಣ ನಕ್ಷತ್ರ ಅಂತಲೇ ತಿಳಿದಿದ್ದರು. 2000ದಲ್ಲಿ ಅರ್ಜೆಂಟೀನಾದ ಹವ್ಯಾಸಿ ಸೆಬಾಸ್ಟಿಯನ್ ಒಟೇರೊ ಅದರ ಹೊಳಪು ಏರಿದ್ದನ್ನು ಗಮನಿಸಿದರು. ಅದಕ್ಕೊಂದು ಜೊತೆ ನಕ್ಷತ್ರ ಇದೆ. ಸುಮಾರು 10.8 ವರ್ಷಕ್ಕೊಮ್ಮೆ ತೀರಾ ಹತ್ತಿರ ಬರುತ್ತದೆ. 2000 ಅಂಥ ಒಂದು ವರ್ಷ. ಮೇಡಂ ಬಿ.ಕಾಂ ಮಕ್ಕಳಿಗೆ ಓಪನ್ ಎಲೆಕ್ಟಿವ್ ಆಗಿ ಖಗೋಳ ಪಾಠ ಮಾಡುತ್ತಿದ್ದಾಗ ಒಬ್ಬಳು ಎದ್ದು ನಿಂತು, ‘ಮೇಡಂ, ನಂದು ಅನುರಾಧಾ ನಕ್ಷತ್ರ, ಅದನ್ನ ತೋರಿಸ್ತೀರಾ?’ ಅಂದಿದ್ದಳು. ಅದರಿಂದಲೇ ಈ ಸಂಶೋಧನೆ ಹುಟ್ಟಿತು ಅಂತ ಬರೆದರೆ ಕಥೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಆ ಹಾಳೆಯ ಲೆಕ್ಕದಿಂದ ಹುಟ್ಟಿದ್ದು ಇದು.

ವಿಷಯ ಬದಲಿಸುವುದಕ್ಕೆ ಬೆಲೆ ಇತ್ತು. ಹಳೆಯ ತಂಡಕ್ಕೆ ಮೇಲ್ ಬರೆದು ಹೊರಗೆ ಬಂದರು. ಒಂದೆರಡು ದೊಡ್ಡ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಹೆಸರು ಬರುವುದಿತ್ತು, ಅದು ತಪ್ಪಿತು. ಪಿಎಚ್‌ಡಿ ಮಾರ್ಗದರ್ಶಕರು ಫೋನಿನಲ್ಲಿ, ‘ಯೋಚನೆ ಮಾಡು, ಹೊಸ ಕ್ಷೇತ್ರದಲ್ಲಿ ನಿನ್ನನ್ನು ಯಾರೂ ಗುರುತಿಸಲ್ಲ’ ಅಂದರಂತೆ. ಅವರ ಮಾತೂ ಸುಳ್ಳಾಗಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಟೈಮ್‌ಟೇಬಲ್ ರಾಜಕೀಯ

ಪ್ರಶ್ನೆ ಬದಲಾದರೂ ಸಮಯದ ಚೂರುಗಳು ಹಾಗೇ ಇದ್ದವು. ಇಲ್ಲಿ ಮೇಡಂ ತೆಗೆದುಕೊಂಡ ಒಂದು ನಿರ್ಧಾರವನ್ನು ಹೊಸದಾಗಿ ಸೇರಿದವರು ಗಮನಿಸಬೇಕು. ಅವರು ಕೆಲಸ ಕಡಿಮೆ ಮಾಡಿ ಅಂತ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಲೂ ಇರಲಿಲ್ಲ, ಸಹೋದ್ಯೋಗಿಗಳ ಕಣ್ಣೂ ಕೆಂಪಾಗುತ್ತಿತ್ತು. 16 ಗಂಟೆಯನ್ನು ಉಳಿದ ದಿನಗಳಿಗೆ ಒತ್ತಿ ಕೊಡಿ, ಶುಕ್ರವಾರ ಒಂದು ದಿನ ಕ್ಲಾಸ್ ಬೇಡ ಅಂತ ಕೇಳಿದರು.

ಎಚ್‌ಒಡಿ ತಲೆ ಕೆರೆದುಕೊಂಡರು. ‘ಮೇಡಂ, ನಿಮಗೊಬ್ರಿಗೆ ಮಾಡಿದ್ರೆ ಉಳಿದವರು ಸುಮ್ನಿರ್ತಾರಾ?’

‘ಸರ್, ಬೆಳಗ್ಗೆ ಎಂಟೂವರೆ ಲ್ಯಾಬ್ ಯಾರಿಗೂ ಬೇಡ ಅಲ್ವಾ? ಅದೆಲ್ಲ ನನಗೇ ಹಾಕಿ. ಶನಿವಾರದ ಕ್ಲಾಸೂ ಇರಲಿ.’

ಬೇರೆಯವರಿಗೆ ಬೇಡವಾದದ್ದನ್ನು ತೆಗೆದುಕೊಂಡು ತನಗೆ ಬೇಕಾದದ್ದನ್ನು ಪಡೆದ ವ್ಯವಹಾರ ಇದು. ಯಾರೂ ಗೊಣಗಲಿಲ್ಲ. ಕಮಿಟಿಗಳ ವಿಷಯದಲ್ಲೂ ಹೀಗೇ. ಸಾಂಸ್ಕೃತಿಕ ಸಮಿತಿ ಬಿಟ್ಟು, ಎಲ್ಲರೂ ತಪ್ಪಿಸಿಕೊಳ್ಳುತ್ತಿದ್ದ ನ್ಯಾಕ್‌ನ ಮೂರನೇ ಮಾನದಂಡದ ಕಡತ ಹೊತ್ತುಕೊಂಡರು. ಅದು ಸಂಶೋಧನೆ ಮತ್ತು ವಿಸ್ತರಣಾ ಚಟುವಟಿಕೆಯದ್ದು. ಹೇಗೂ ಮಾಡುತ್ತಿದ್ದ ಕೆಲಸವೇ ಕಡತದಲ್ಲಿ ಅಂಕವಾಗಿ ಬಂತು. ಪ್ರಿನ್ಸಿಪಾಲರಿಗೆ ಖಗೋಳದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ.

ಇದೇ ಹೊತ್ತಿಗೆ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಅಸೋಸಿಯೇಟ್ ಯೋಜನೆಗೆ ಅರ್ಜಿ ಹಾಕಿದರು. ವಿಶ್ವವಿದ್ಯಾಲಯ ಮತ್ತು ಕಾಲೇಜಿನ ಅಧ್ಯಾಪಕರಿಗಾಗಿಯೇ ಇರುವ ಯೋಜನೆ ಅದು. ಆಯ್ಕೆಯಾದರೆ ಮೂರು ವರ್ಷದ ಅವಧಿಯಲ್ಲಿ ಅಲ್ಲಿಗೆ ಹೋಗಿ ಇದ್ದು ಕೆಲಸ ಮಾಡಬಹುದು, ಅಲ್ಲಿನ ಗ್ರಂಥಾಲಯ ಮತ್ತು ಕಂಪ್ಯೂಟರ್ ಸೌಲಭ್ಯ ಬಳಸಬಹುದು. ಈ ಸಲದ ಅರ್ಜಿಯಲ್ಲಿ ಹೊಸ ವಿಷಯ ಬರೆದರು, ಕಾಲೇಜಿನಿಂದ ಅದನ್ನು ಹೇಗೆ ಮಾಡುತ್ತೇನೆ ಅನ್ನುವುದನ್ನೂ ಬರೆದರು. ಆಯ್ಕೆಯಾಯಿತು. ರಜೆಯಲ್ಲಿ ಪುಣೆಗೆ ಹೋಗಿ ಕೂತ ವಾರಗಳಲ್ಲಿ ಆದಷ್ಟು ಕೆಲಸ ಇಲ್ಲಿ ಒಂದು ಸೆಮಿಸ್ಟರಿನಲ್ಲೂ ಆಗುತ್ತಿರಲಿಲ್ಲ.

ವಿದ್ಯಾರ್ಥಿಗಳು ಮತ್ತು ತಾರಸಿ

ಪ್ರಾಜೆಕ್ಟ್ ಮಾಡುತ್ತೀರಾ ಅಂತ ಕ್ಲಾಸಿನಲ್ಲಿ ಕೇಳಿದ್ದೇ ತಡ, ಹನ್ನೊಂದು ಜನ ಕೈ ಎತ್ತಿದರು. ಮೇಡಂ ಹನ್ನೊಂದನ್ನೂ ಒಪ್ಪಿಕೊಂಡರು. ಎರಡು ತಿಂಗಳಲ್ಲಿ ಉಳಿದದ್ದು ನಾಲ್ಕು. ಹೋದವರಿಗೆ ಪೈಥಾನ್ ಬರುತ್ತಿರಲಿಲ್ಲ, ಲ್ಯಾಪ್‌ಟಾಪ್ ಇರಲಿಲ್ಲ, ಅಥವಾ ಬ್ಲ್ಯಾಕ್ ಹೋಲ್ ಬಗ್ಗೆ ಇರುತ್ತೆ ಅಂದುಕೊಂಡಿದ್ದರು. ಶುಕ್ರವಾರಗಳೆಲ್ಲ ಈ ಹನ್ನೊಂದು ಜನರ ಸಾಫ್ಟ್‌ವೇರ್ ಹಾಕಿಕೊಡುವುದರಲ್ಲೇ ಕಳೆದುಹೋದವು. ಮುಂದಿನ ಬ್ಯಾಚಿನಿಂದ ನಿಯಮ ಬದಲಾಯಿತು. ಮೊದಲು ಒಂದು ನಕ್ಷತ್ರದ ರೋಹಿತವನ್ನು ನೀವೇ ಅಳೆದು ತನ್ನಿ, ಆಮೇಲೆ ಪ್ರಾಜೆಕ್ಟಿನ ಮಾತು.

ಆ ರೋಹಿತ ಎಲ್ಲಿಂದ ತರುವುದು? ಮೂಲೆ ಸೇರಿದ್ದ ತಾರಸಿಯ ದೂರದರ್ಶಕ ಈಗ ಮತ್ತೆ ಮೇಲೆ ಹತ್ತಿತು. ಸ್ಟಾರ್ ಅನಲೈಸರ್ ಅಂತ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಒಂದು ಪುಟ್ಟ ಗ್ರೇಟಿಂಗ್ ಸಿಗುತ್ತದೆ. ಮಿಲಿಮೀಟರಿಗೆ 100 ಗೆರೆ, ಫಿಲ್ಟರಿನ ಹಾಗೆ ಕ್ಯಾಮೆರಾ ಮುಂದೆ ತಿರುಗಿಸಿ ಕೂರಿಸಬಹುದು. ಮಸುಕಾದ ಗ್ಯಾಲಕ್ಸಿಯನ್ನು ನಗರದ ಬೆಳಕು ನುಂಗಿಬಿಡುತ್ತದೆ. ಹೊಳೆಯುವ ನಕ್ಷತ್ರದ ರೋಹಿತಕ್ಕೆ ಅಷ್ಟು ತೊಂದರೆ ಇಲ್ಲ. ಮೊದಲು ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಹಿಡಿದು ಅದರ ಜಲಜನಕದ ಕಪ್ಪು ಗೆರೆಗಳಿಂದ ಅಳತೆಗೋಲು ಮಾಡಿಕೊಂಡರು. ಆಮೇಲೆ ಗಾಮಾ ಕ್ಯಾಸಿಯೋಪಿಯಾ. 656.3 ನ್ಯಾನೋಮೀಟರಿನ ಜಾಗದಲ್ಲಿ, ಲುಬ್ಧಕದಲ್ಲಿ ತಗ್ಗಿದ್ದ ಕಡೆ, ಇಲ್ಲಿ ಒಂದು ಉಬ್ಬು. ನಮ್ಮ ಅಟೆಂಡರ್ ಕೂಡ ಬಂದು ಸ್ಕ್ರೀನ್ ನೋಡಿದರು.

ಇದನ್ನು ಮೇಡಂ ಲ್ಯಾಬಿನ ಒಳಗೂ ತಂದರು. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಸ್ಪೆಕ್ಟ್ರೋಮೀಟರ್ ಇಟ್ಟು, ಪಾದರಸದ ದೀಪದ ಗೆರೆಗಳನ್ನು ಗ್ರೇಟಿಂಗಿನಿಂದ ಅಳೆಯುವುದು ಎಷ್ಟೋ ವರ್ಷದಿಂದ ಇದೆ. ಮಕ್ಕಳು ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವುದೂ ಅಷ್ಟೇ ವರ್ಷದಿಂದ ಇದೆ. ಈಗ ಅದೇ ಸೂತ್ರದಲ್ಲಿ ನಕ್ಷತ್ರವನ್ನೂ ಅಳೆಯಬೇಕು. ನಕ್ಷತ್ರದ ರೀಡಿಂಗನ್ನು ಯಾರ ರೆಕಾರ್ಡಿನಿಂದಲೂ ಕದಿಯಲು ಬರುವುದಿಲ್ಲ. ಲೆಕ್ಕದಲ್ಲಿ ದೋಷ ಎಷ್ಟಿದೆ ಅಂತ ಮಕ್ಕಳು ತಾವಾಗಿಯೇ ಕೇಳಿದ್ದನ್ನು ನಾನು ಮೊದಲು ಕಂಡದ್ದು ಆಗ.

ಒಂದು ವಿಷಯದಲ್ಲಿ ಮೇಡಂ ತುಂಬಾ ಗಟ್ಟಿಯಾಗಿದ್ದರು. ತಾರಸಿಯ ರೋಹಿತ ಕಲಿಕೆಗೆ ಮಾತ್ರ, ಪ್ರಬಂಧಕ್ಕೆ ಅಲ್ಲ. ‘ಬೆಂಗಳೂರಿನ ತಾರಸಿಯಿಂದ ಸಂಶೋಧನೆ’ ಅಂತ ಪತ್ರಿಕೆಗೆ ಕೊಡೋಣ ಅಂತ ಆಡಳಿತದವರು ಒತ್ತಾಯಿಸಿದರೂ ಒಪ್ಪಲಿಲ್ಲ. ಪ್ರಬಂಧಕ್ಕೆ ಬೇಕಾದ ನಿಖರತೆ ಆ ಗ್ರೇಟಿಂಗಿಗೆ ಇಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಆದದ್ದು, ಆಗದಿದ್ದದ್ದು

2025ರಲ್ಲಿ ಒಂದು ಪ್ರಬಂಧ ಬಂತು, ಇಬ್ಬರು ವಿದ್ಯಾರ್ಥಿಗಳು ಸಹಲೇಖಕರು. ಸಣ್ಣ ಪ್ರಬಂಧ, ಕ್ಷೇತ್ರವನ್ನು ಅಲುಗಾಡಿಸುವಂಥದ್ದಲ್ಲ. ಆದರೆ ವಿಮರ್ಶೆಯಲ್ಲಿ ನಿಂತದ್ದು. ಆ ಇಬ್ಬರಲ್ಲಿ ಒಬ್ಬಳು ಪಿಎಚ್‌ಡಿಗೆ ಸೇರಿದಳು, ಇನ್ನೊಬ್ಬ ಔಟರ್ ರಿಂಗ್ ರೋಡಿನ ಕಂಪನಿಯಲ್ಲಿ ಡೇಟಾ ಕೆಲಸ ಮಾಡುತ್ತಿದ್ದಾನೆ. ಸಂದರ್ಶನದಲ್ಲಿ ಟೆಸ್ ಡೇಟಾ ಬಗ್ಗೆಯೇ ಅರ್ಧ ಗಂಟೆ ಮಾತಾಡಿದೆ ಅಂದ.

ಇನ್ನೊಂದು ಕಡೆ, ಮಾರ್ಗದರ್ಶಕರು ಹೇಳಿದ್ದು ನಿಜವಾಯಿತು. ಸಂಶೋಧನಾ ಸಂಸ್ಥೆಯೊಂದರ ಹುದ್ದೆಯ ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ‘ಸೂಪರ್‌ನೋವಾ ಯಾಕೆ ಬಿಟ್ಟಿರಿ?’ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹುದ್ದೆ ಸಿಗಲಿಲ್ಲ. ಅದೇ ಕಾರಣಕ್ಕೆ ಸಿಗಲಿಲ್ಲ ಅಂತ ನಾನು ಹೇಳಲಾರೆ, ಬಂದಿದ್ದವರೆಲ್ಲ ಗಟ್ಟಿ ಅಭ್ಯರ್ಥಿಗಳೇ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂತು, ಪಠ್ಯಕ್ರಮ ಮತ್ತೊಮ್ಮೆ ಬದಲಾಯಿತು. ನಾಲ್ಕನೇ ವರ್ಷದಲ್ಲಿ ಸಂಶೋಧನಾ ಪ್ರಾಜೆಕ್ಟ್ ನಡೆಸುವ ಮೇಡಂ ಯೋಜನೆ ಮುಂದಿನ ಬ್ಯಾಚುಗಳಿಗೆ ಇಲ್ಲವಾಯಿತು. ಇಷ್ಟೆಲ್ಲ ಆದ ಮೇಲೂ ಸಂಬಳ ಮತ್ತು ಹುದ್ದೆ ಹಿಂದಿನಂತೆಯೇ ಇವೆ.

ಹೊಸಬರು ನನ್ನನ್ನು ಕೇಳಿದಾಗ ಈ ಪ್ರಕರಣದಿಂದ ನಾನು ಎತ್ತಿ ಹೇಳುವುದು ಪ್ರಶ್ನೆಯ ಆಯ್ಕೆಯನ್ನು. ಪಿಎಚ್‌ಡಿ ವಿಷಯವನ್ನೇ ಹಿಡಿದುಕೊಂಡು, ಅದಕ್ಕೆ ಸಮಯ ಹೊಂದಿಸಲು ಒದ್ದಾಡುವವರೇ ಜಾಸ್ತಿ. ಮೇಡಂ ಇರುವ ಸಮಯ ಎಂಥದ್ದು ಅಂತ ಮೊದಲು ನೋಡಿದರು, ಆಮೇಲೆ ಅದಕ್ಕೆ ಒಗ್ಗುವ ವಿಷಯ ಹುಡುಕಿದರು. ಅದು ರಾಜಿ ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ, ಯಾಕೆಂದರೆ ಬಿ-ಇ ನಕ್ಷತ್ರದ ಪ್ರಶ್ನೆ ಸುಲಭದ್ದಲ್ಲ. ನಿಧಾನವಾಗಿ ಕೇಳಿದರೂ ನಡೆಯುವಂಥದ್ದು, ಅಷ್ಟೇ. ಅವರಿಗೆ ಗಂಡನ ಸಂಬಳದ ಆಸರೆ ಇತ್ತು, ಒಪ್ಪುವ ಎಚ್‌ಒಡಿ ಇದ್ದರು ಅನ್ನುವುದನ್ನೂ ಮರೆಯಬಾರದು. ಅತಿಥಿ ಉಪನ್ಯಾಸಕರಾಗಿ ಎರಡು ಕಾಲೇಜಿಗೆ ಓಡಾಡುವವರಿಗೆ ಈ ಉಪಾಯ ಇದ್ದ ಹಾಗೇ ನಡೆಯುವುದಿಲ್ಲ.

ಈ ವರ್ಷ ನಮ್ಮ ವಿಭಾಗಕ್ಕೆ ಇನ್ನೊಬ್ಬರು ಸೇರಿದ್ದಾರೆ, ರೇಡಿಯೋ ಖಗೋಳದಲ್ಲಿ ಪಿಎಚ್‌ಡಿ. ಸೇರಿದ ವಾರವೇ ಮೇಡಂ ಅವರ ಕೈಗೆ ಖಾಲಿ ಹಾಳೆ ಕೊಟ್ಟು ಇಡೀ ವರ್ಷವನ್ನು ವಾರ ವಾರ ಬರೆಸಿದರು. ಪುಣೆಯ ಹತ್ತಿರದ ಜಿಎಂಆರ್‌ಟಿ ದೂರದರ್ಶಕದ ಹಳೆಯ ಡೇಟಾದಲ್ಲಿ ಕೆಲಸ ಮಾಡುವ ಯೋಚನೆ ಅವರದು. ಅವರಿಗೂ ಒಂದು ದಿನ ಬಿಡುವು ಬೇಕು. ಇಬ್ಬರಿಗೂ ಶುಕ್ರವಾರವೇ ಕೊಟ್ಟರೆ ಲ್ಯಾಬ್ ನಡೆಯುವುದಿಲ್ಲ, ಹಾಗಾಗಿ ಅವರಿಗೆ ಬುಧವಾರ. ಎಚ್‌ಒಡಿ ಒಂದು ಸೆಮಿಸ್ಟರಿಗೆ ಮಾತ್ರ ಒಪ್ಪಿದ್ದಾರೆ, ಡಿಸೆಂಬರಿನಲ್ಲಿ ಮತ್ತೆ ಕೂತು ಮಾತಾಡಬೇಕು.